ಸೀಟಿನ ಹಿಂದಿನ ಅರ್ಧ

ಗ್ಯಾರೇಜಿನ ಪಕ್ಕದ ಉದ್ದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಅವಳನ್ನು ಬೀದಿಯವರೆಲ್ಲ ಸೀಟಕ್ಕ ಎಂದೇ ಕರೆಯುತ್ತಾರೆ. ಗಂಡ ಬೈಕುಗಳ ಎಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್. ಅವಳು ಅದೇ ಬೈಕುಗಳ ಸೀಟಿಗೆ ಹೊಸ ಹೊದಿಕೆ ಹೊಲಿಯುವವಳು. ಅವನ ಕೆಲಸ ರಸ್ತೆಗೆ ಕಾಣುತ್ತದೆ. ಅವಳದು ಕಾಣುವುದಿಲ್ಲ, ಏಕೆಂದರೆ ಅವಳ ಕೋಣೆಯ ಬಾಗಿಲಿರುವುದು ಅಡುಗೆಮನೆಯ ಕಡೆಗೆ. ಹಾಗೆ ಕಟ್ಟಿಸಿದವರು ಈಗಿಲ್ಲದ ಮಾವ. ಒಲೆಯ ಮೇಲೆ ಹಾಲಿಟ್ಟು ಬಂದರೆ ಯಂತ್ರದ ಮುಂದೆ ಕೂತೇ ಅದರ ಮೇಲೆ ಒಂದು ಕಣ್ಣಿಡಬಹುದು ಎಂಬುದು ಅವರ ಯೋಚನೆ. ಅದು ಸರಿಯಾಗಿಯೇ ಇತ್ತು. ಮದುವೆಯಾಗಿ ಬಂದಾಗಿನಿಂದ ಸೀಟಕ್ಕ ಹಾಲು ಉಕ್ಕಿಸಿದವಳಲ್ಲ. ಸದ್ದು ಬದಲಾಗುವ ಮೊದಲೇ ಅವಳ ಕಾಲು ಪೆಡಲಿನಿಂದ ಎದ್ದಿರುತ್ತದೆ.

ಕೆಲಸ ಕಲಿಸಿದವರು ಅತ್ತೆ. ಅವರೂ ಅದೇ ಯಂತ್ರದ ಮುಂದೆ ವಯಸ್ಸು ಕಳೆದವರು. ಹಳೆಯ ಹೊದಿಕೆಯ ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸುವುದು, ಸವೆದ ಫೋಮನ್ನು ಕಿತ್ತು ಕೆಳಗಿನ ತಗಡನ್ನು ಒರೆಸುವುದು, ಹೊಸ ಫೋಮನ್ನು ಕೆತ್ತಿ ಕೂರಿಸಿ ಅದರ ಮೇಲೆ ರೆಕ್ಸಿನ್ನನ್ನು ಸುಕ್ಕಿಲ್ಲದಂತೆ ಎಳೆದು ಬಿಗಿಯುವುದು, ಎಲ್ಲವನ್ನೂ ಕೈಹಿಡಿದು ತೋರಿಸಿದ್ದರು. ಅದರ ಜೊತೆಗೇ ಒಂದು ನಿಯಮವನ್ನೂ ಕಲಿಸಿದ್ದರು. ಸೀಟಿನ ಮುಂದಿನ ಅರ್ಧಕ್ಕೆ ಹೊಸ ಫೋಮು, ಹಿಂದಿನ ಅರ್ಧಕ್ಕೆ ಚೂರು. ಕತ್ತರಿಸುವಾಗ ಉಳಿಯುವ ತುಂಡುಗಳು ಮೂಲೆಯ ಚೀಲದಲ್ಲಿ ಸೇರುತ್ತಿದ್ದವು. ಅವನ್ನೇ ಒತ್ತಿ ತುಂಬಿ ಮೇಲೆ ಚೆನ್ನಾಗಿ ಹೊಲಿದುಬಿಟ್ಟರೆ ನೋಡಲು ಎರಡೂ ಒಂದೇ. ಬೈಕಿನ ಯಜಮಾನ ಬಂದು ಅಂಗೈಯಿಂದ ಒತ್ತಿ ನೋಡುವುದು ಮುಂದಿನದನ್ನು. ಹಿಂದೆ ಕೂರುವವಳು ಒತ್ತಿ ನೋಡಲು ಗ್ಯಾರೇಜಿಗೆ ಬರುವುದಿಲ್ಲ.

ಬೇಸಿಗೆಯ ಆರಂಭದಲ್ಲಿ ಉತ್ತರಕ್ಕೆ ಹೋಗುವವರ ಬೈಕುಗಳು ಗ್ಯಾರೇಜಿನ ಅಂಗಳ ತುಂಬುತ್ತವೆ. ಊರು ಮುಗಿದು, ಹೊಲ ಮುಗಿದು, ಡಾಂಬರೂ ಮುಗಿದ ಮೇಲೆ ಪೈನ್ ಮರದ ಕಾಡು, ಜೌಗು, ನದಿ ಇಷ್ಟೇ ಇರುವ ಸೀಮೆ ಅದು. ರಸ್ತೆ ಕೊನೆಗೆ ಒಂದು ದೊಡ್ಡ ಸರೋವರದ ದಡಕ್ಕೆ ಹೋಗಿ ಸುಮ್ಮನೆ ನಿಂತುಬಿಡುತ್ತದಂತೆ. ಹೋಗಿ ಬಂದವರು ಗಂಡನ ಎದುರು ನಿಂತು ಕರಡಿ ಕಂಡದ್ದು, ಕೆಸರಲ್ಲಿ ಬಿದ್ದದ್ದು ಹೇಳಿ ನಗುತ್ತಿದ್ದರು. ಸೀಟಕ್ಕನಿಗೆ ಆ ಮಾತು ಗೋಡೆಯಾಚೆಯಿಂದ ಅರ್ಧಂಬರ್ಧ ಕೇಳುತ್ತಿತ್ತು. ಆದರೆ ಹರಿದ ಸೀಟು ಬರುತ್ತಿದ್ದುದು ಅವಳ ಕೈಗೆ. ಹೊಲಿಗೆ ಬಿಚ್ಚಿದರೆ ಅದರ ಸಂದಿಯಿಂದ ಪೈನ್ ಮರದ ಸೂಜಿಯಂಥ ಎಲೆಗಳು ಉದುರುತ್ತಿದ್ದವು, ಒಣಗಿದ ಸೊಳ್ಳೆಯ ರೆಕ್ಕೆಗಳು, ಮತ್ತೆ ಕಪ್ಪು ಮರಳು. ಮಸಿಯಂಥ ಕಪ್ಪಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಮಿಣಮಿಣ ಮಿನುಗುತ್ತಿತ್ತು. ಮೊದಮೊದಲು ಅದನ್ನೂ ಗುಡಿಸಿ ಎಸೆಯುತ್ತಿದ್ದಳು. ಆಮೇಲೊಂದು ದಿನ, ಯಾಕೆಂದು ಅವಳಿಗೇ ಗೊತ್ತಿಲ್ಲ, ಒಂದು ಚಿಟಿಕೆಯನ್ನು ಸೂಜಿಗಳ ಡಬ್ಬಿಗೆ ಹಾಕಿಟ್ಟಳು. ನಾಲ್ಕು ಪೈನ್ ಎಲೆಗಳನ್ನೂ ಇಟ್ಟಳು. ದಾರ ಪೋಣಿಸಲು ಡಬ್ಬಿ ತೆರೆದಾಗಲೆಲ್ಲ ಅದರ ವಾಸನೆ ಬರುತ್ತಿತ್ತು. ಆ ಮರಳಿನ ಮೇಲೆ ಒಮ್ಮೆ ನಿಲ್ಲಬೇಕು ಎಂದು ಅವಳು ಯಾರ ಬಳಿಯೂ ಹೇಳಿಕೊಂಡಿರಲಿಲ್ಲ. ಹೇಳಿದ್ದರೆ ಮನೆಯವರು ನಗುತ್ತಿದ್ದರು ಅಷ್ಟೇ, ಬೈಯುತ್ತಿರಲಿಲ್ಲ. ಬೈದಿದ್ದರೆ ಹೇಳುತ್ತಿದ್ದಳೇನೋ.

ಗಂಡನಿಗೂ ಆ ಸರೋವರದ ಹುಚ್ಚು ಹಳೆಯದು. ಆ ವರ್ಷ ಹೊರಡುವುದೆಂದು ನಿಶ್ಚಯವಾಯಿತು. ಜೊತೆಗಾರ, ಗ್ಯಾರೇಜಿನ ಹಿತ್ತಲಲ್ಲಿ ಟ್ಯಾಂಕುಗಳಿಗೆ ಬಣ್ಣ ಹೊಡೆಯುವ ಪೇಂಟರ್. ಇಬ್ಬರಿಗೂ ಒಂದೊಂದು ಬೈಕು. ಗಂಡ ತನ್ನ ಬೈಕಿನ ಸೀಟನ್ನು ತಂದು ಸೀಟಕ್ಕನ ಮೇಜಿನ ಮೇಲಿಟ್ಟ.

"ಮುಂದಕ್ಕೆ ನಾಲ್ಕು ಬೆರಳು ದಪ್ಪದ ಒಳ್ಳೇ ಫೋಮು ಹಾಕು. ಕಲ್ಲು ರಸ್ತೆ."

"ಹಿಂದಕ್ಕೆ?"

"ಏನಾದ್ರೂ ತುಂಬು. ಅಲ್ಲಿ ಕೂರೋದು ಸಾಮಾನು. ಸಾಮಾನಿಗೇನು ಸೊಂಟ ನೋಯುತ್ತಾ?"

ಸೀಟಕ್ಕ ನಕ್ಕಳು. ಚೀಲದ ತಳದಲ್ಲಿದ್ದ ಚೂರುಪಾರನ್ನೆಲ್ಲ ಸುರಿದು, ಸಾಲದ್ದಕ್ಕೆ ಹರಿದ ರೆಕ್ಸಿನ್ನಿನ ತುಂಡುಗಳನ್ನೂ ತುರುಕಿ ಹೊಲಿದಳು. ಹೊಲಿಗೆ ಮಾತ್ರ ಅಂಥ ಚಂದ, ಗಂಡ ಬೆರಳಾಡಿಸಿ ನೋಡಿ "ಭೇಷ್" ಎಂದ.

ಹೊರಡುವ ವಾರದಲ್ಲಿ ಪೇಂಟರನ ಹೆಂಡತಿ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಳು. ಪೇಂಟರಿಗೆ ಅಡುಗೆ ಬರುತ್ತಿತ್ತು, ಅದೇ ಅವನಿಗೆ ಮುಳುವಾಯಿತು. ಬಾರದಿದ್ದರೆ ಅತ್ತೆಯೋ ಅತ್ತಿಗೆಯೋ ಯಾರಾದರೂ ಬಂದು ನಿಲ್ಲುತ್ತಿದ್ದರು. ಬರುತ್ತದಲ್ಲ, ಮಾಡಲಿ ಬಿಡಿ ಎಂದು ಎಲ್ಲರೂ ಕೈತೊಳೆದುಕೊಂಡರು.

ಗಂಡ ಮುಖ ಊದಿಸಿಕೊಂಡು ಊಟಕ್ಕೆ ಕೂತಿದ್ದ. ಹತ್ತಿರದ ಬೀದಿಯಲ್ಲಿರುವ ಅವನ ತಂಗಿಯೂ ಬಂದಿದ್ದಳು. ಶಾಲೆಯ ವ್ಯಾನು ಓಡಿಸುವ ಅವಳಿಗೆ ಆಗ ರಜ.

"ಒಬ್ಬನೇ ಹೋಗಬಹುದು, ಬೈಕಿನದೇನೂ ಭಯವಿಲ್ಲ," ಎಂದ ಗಂಡ. "ಆದ್ರೆ ದಾರೀಲಿ ಚಹಾ, ಊಟ? ಆ ಕಡೆ ಹೋಟ್ಲೂ ಇಲ್ಲ, ಮಣ್ಣೂ ಇಲ್ಲ. ಅದನ್ನೆಲ್ಲ ನೋಡ್ಕೊಳೋನು ಅವನೇ ಆಗಿದ್ದ."

"ಅಂದ್ರೆ ಅಣ್ಣ, ನಿನಗೆ ಬೇಕಾಗಿದ್ದು ಗೆಳೆಯ ಅಲ್ಲ, ಅಡುಗೆಯವನು," ಎಂದಳು ನಾದಿನಿ. "ಹಾಗಾದ್ರೆ ಅತ್ತಿಗೇನ ಕರ್ಕೊಂಡು ಹೋಗು."

"ಇವಳನ್ನಾ? ಮನೆ ಯಾರು ನೋಡ್ಕೋತಾರೆ?"

"ಮನೆಗೆ ಕಾಲಿಲ್ಲ, ಎಲ್ಲಿಗೂ ಓಡಿಹೋಗಲ್ಲ. ನಾನಿರ್ತೀನಿ."

"ನೀನು ಅಡುಗೆ ಮಾಡಿದ್ರೆ ನಾನು ಓಡಿಹೋಗ್ತೀನಿ," ಎಂದರು ಮೂಲೆಯ ಕುರ್ಚಿಯಿಂದ ಅತ್ತೆ.

"ಮಂಡಿ ನೋವಿದೆಯಲ್ಲ ಅಮ್ಮ, ಅಷ್ಟು ದೂರ ಹೋಗಲ್ಲ ನೀನು. ತಿನ್ನಬೇಕಾಗುತ್ತೆ."

ಎಲ್ಲರೂ ನಕ್ಕರು. ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಸೀಟಕ್ಕನತ್ತ ಒಂದು ಹೊಸ ಸ್ಪ್ಯಾನರನ್ನು ನೋಡುವವನಂತೆ ನೋಡಿದ. "ಬರ್ತೀಯಾ?" ಎಂದ.

ಅವಳು ಉತ್ತರ ಹೇಳುವಷ್ಟರಲ್ಲಿ ಅಡುಗೆಮನೆಯಲ್ಲಿ ಚುಂಯ್ ಎಂದು ಸದ್ದಾಯಿತು. ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು.

ಆಮೇಲಿನ ದಿನಗಳು ಹೇಗೆ ಕಳೆದವೋ. ಗಂಡನ ಹಳೆಯ ಪ್ಯಾಂಟನ್ನು ತನ್ನ ಅಳತೆಗೆ ಕಿರಿದು ಮಾಡಿಕೊಂಡಳು. ಡಬ್ಬಿಗಳನ್ನು ತುಂಬಿಟ್ಟಳು, ಹಾಸಿಗೆ ಹೊದಿಕೆ ಒಗೆದಳು, ನಾದಿನಿಯನ್ನು ಕರೆದು ಯಾವುದು ಎಲ್ಲಿದೆ ಎಂದು ತೋರಿಸುತ್ತ ಹೋದಳು. ನಾದಿನಿ ಕೊನೆಗೆ ಕೈಮುಗಿದಳು. "ಅತ್ತಿಗೆ, ನಾನು ದಿನಾ ಒಂದು ವ್ಯಾನು ಮಕ್ಕಳನ್ನ ಸಂಭಾಳಿಸೋಳು. ನಮ್ಮಮ್ಮ ಒಬ್ಬರನ್ನ ನೋಡ್ಕೊಳೋಕೆ ಆಗಲ್ವಾ? ಹೋಗಿ, ಹೋಗಿ ಕೂತ್ಕೊಳ್ಳಿ ಆ ಬೈಕ್ ಮೇಲೆ."

ಹೊರಡುವ ಹಿಂದಿನ ದಿನ ಸೀಟಿನ ಹಿಂದಿನ ಅರ್ಧದ ಮೇಲೆ ಅವಳ ಕಣ್ಣು ಬೀಳದೆ ಇರಲಿಲ್ಲ. ಬಿಚ್ಚಿ ಬೇರೆ ಫೋಮು ಹಾಕಲು ಅರ್ಧ ದಿನ ಬೇಕು. ಅತ್ತೆಯ ಮಂಡಿಯ ಎಣ್ಣೆ ಕಾಯಿಸಿಡುವುದು ಇನ್ನೂ ಬಾಕಿಯಿತ್ತು. ಎಷ್ಟು ಜನ ಹೆಂಗಸರು ಕೂತು ಹೋಗ್ತಾರೆ, ನನಗಾಗಲ್ವಾ, ಎಂದುಕೊಂಡಳು. ಅಲ್ಲಿಯವರೆಗೆ ಅವಳು ಬೈಕಿನ ಹಿಂದೆ ಕೂತು ಹೋಗಿದ್ದ ಅತಿ ದೂರದ ಜಾಗವೆಂದರೆ ತರಕಾರಿ ಮಾರುಕಟ್ಟೆ.

ಮೊದಲ ದಿನಗಳು ಡಾಂಬರಿನಲ್ಲಿ ಕಳೆದವು. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಗಂಡ ಹೆಲ್ಮೆಟ್ಟಿನೊಳಗೇ ಹಾಡಿಕೊಳ್ಳುತ್ತಿದ್ದ, ಅವಳು ಮಗುವಿನಂತೆ ಅತ್ತ ಇತ್ತ ಕಣ್ಣು ಹಾಯಿಸುತ್ತಿದ್ದಳು. ಆಮೇಲೆ ಜಲ್ಲಿಯ ರಸ್ತೆ ಬಂತು. ಎರಡೂ ಕಡೆ ಪೈನ್ ಮರಗಳು ಒಂದರ ಹಿಂದೊಂದು, ಮುಗಿಯುವ ಮಾತೇ ಇಲ್ಲ. ನಡುನಡುವೆ ಕಾಡು ತೆರೆದು ಜೌಗು ಕಾಣುತ್ತಿತ್ತು, ಅದರ ನೀರಿನಲ್ಲಿ ಸತ್ತ ಮರಗಳು ನಿಂತೇ ಇದ್ದವು. ಒಂದು ಮಧ್ಯಾಹ್ನ ಕೊಂಬಿನ ದೊಡ್ಡ ಜಿಂಕೆಯೊಂದು ರಸ್ತೆಯ ಮಧ್ಯೆ ನಿಂತು, ಇವರನ್ನು ನೋಡಿ, ದಾರಿ ಬಿಡುವ ಮನಸ್ಸಿಲ್ಲದೆ ಬಹಳ ಹೊತ್ತು ಮೆಲುಕು ಹಾಕಿತು.

"ನಮ್ಮಮ್ಮನ ಹಾಗೇ ನೋಡ್ತಿದೆ," ಎಂದ ಗಂಡ ಪಿಸುಗುಟ್ಟುತ್ತ.

"ಅತ್ತೆ ಇಷ್ಟು ಹೊತ್ತು ಸುಮ್ನಿರ್ತಿರಲಿಲ್ಲ ರೀ."

ಬೈಕು ನಿಂತ ಕಡೆಯೆಲ್ಲ ಒಂದೇ ಕ್ರಮ. ಗಂಡ ಇಳಿದು ಮೈ ಮುರಿದು, ಚೈನು ಮುಟ್ಟಿ ನೋಡಿ, ಆಕಾಶ ನೋಡಿ, "ಆಹಾ, ಎಂಥ ಜಾಗ!" ಎನ್ನುತ್ತಿದ್ದ. ಅಷ್ಟರಲ್ಲಿ ಅವಳು ಕಲ್ಲು ಹೊಂದಿಸಿ ಸ್ಟೋವು ಕೂರಿಸಿ ನೀರಿಗೆ ಹೊರಟಿರುತ್ತಿದ್ದಳು. ಚಹಾ, ಆಲೂಗಡ್ಡೆ, ಮೊಟ್ಟೆ, ಪಾತ್ರೆ, ಒದ್ದೆ ಕಾಲುಚೀಲ. ಗಂಡ ಒಳ್ಳೆಯವನೇ. ಲೋಟ ತೊಳೆದುಕೊಡಲು ಬರುತ್ತಿದ್ದ, ಬಂದವನು ಲೋಟ ಹಿಡಿದುಕೊಂಡು ಹೊಳೆಯನ್ನು ನೋಡುತ್ತ ನಿಂತುಬಿಡುತ್ತಿದ್ದ. ಹೊಳೆ ನೋಡುವಂತೆಯೇ ಇರುತ್ತಿತ್ತು. ಅವಳೂ ನೋಡುತ್ತಿದ್ದಳು, ತಿಕ್ಕುತ್ತ ನೋಡುತ್ತಿದ್ದಳು.

ನೋವು ಶುರುವಾದದ್ದು ಜಲ್ಲಿಯ ಎರಡನೆಯ ದಿನ. ಮೊದಲು ಬೆನ್ನಿನ ಬುಡದಲ್ಲಿ ಒಂದು ಚುಚ್ಚು, ಆಮೇಲೆ ಅದು ತೊಡೆಗಿಳಿಯಿತು. ಒಳಗಿನ ಚೂರುಗಳು ಒಂದು ಬದಿಗೆ ಸರಿದು ಗಂಟು ಕಟ್ಟಿದ್ದು ಅವಳಿಗೆ ತಿಳಿಯುತ್ತಿತ್ತು. ಇನ್ನೊಂದು ಬದಿಯಲ್ಲಿ ತಗಡೇ ತಾಗುತ್ತಿತ್ತು. ಕಂಬಳಿ ಮಡಿಸಿ ಹಾಕಿದಳು, ಅದು ಜಾರಿ ಕೆಸರಿಗೆ ಬಿತ್ತು. ಕಟ್ಟಿ ನೋಡಿದಳು, ಮಳೆಗೆ ನೆಂದು ಕಲ್ಲಾಯಿತು. ಕೊನೆಗೆ ಕಾಲಿಡುವ ಕಂಬಿಗಳ ಮೇಲೆ ಕಾಲೂರಿ, ಗಂಡನ ಹೆಗಲು ಹಿಡಿದು, ಎದ್ದು ನಿಂತೇ ಹೋಗತೊಡಗಿದಳು.

"ಎದ್ದು ನಿಂತು ಏನೇ ನೋಡ್ತೀಯಾ?" ಎಂದ ಗಂಡ.

"ಕರಡಿ ಬಂದ್ರೆ ಮೊದಲು ನನಗೇ ಕಾಣಲಿ ಅಂತ."

ಅವನು ದಾರಿಯುದ್ದಕ್ಕೂ ಅದನ್ನು ನೆನೆದು ನಕ್ಕ. ನೋವೆಂದು ಅವಳು ಹೇಳಲಿಲ್ಲ. ಹೇಗೆ ಹೇಳುವುದು? ಸೀಟು ಹೊಲಿದ ಕೈ ಅವಳದೇ.

ದೊಡ್ಡ ನದಿಯ ದಡಕ್ಕೆ ಬಂದಾಗ ಇಳಿಯಲು ಕಾಲೆತ್ತಿದಳು, ಕಾಲು ಏಳಲಿಲ್ಲ. ಗಂಡ ಬೈಕನ್ನು ಓರೆ ಮಾಡಿ ಅವಳನ್ನು ಚೀಲ ಇಳಿಸಿಕೊಂಡಂತೆ ಇಳಿಸಿಕೊಳ್ಳಬೇಕಾಯಿತು. ಅಲ್ಲಿ ಸೇತುವೆಯಿಲ್ಲ. ವಾಹನಗಳನ್ನು ಆಚೆ ದಾಟಿಸುವ ಚಪ್ಪಟೆಯ ಬಾರ್ಜು, ಅದನ್ನು ನಡೆಸುವ ಗಟ್ಟಿಮುಟ್ಟಾದ ಹೆಂಗಸು, ಅವಳದೊಂದು ಮರದ ಮನೆ, ಎರಡು ಗೋದಾಮು, ಇಷ್ಟೇ ಊರು. ಆಚೆ ದಡದಿಂದ ಸರೋವರಕ್ಕೆ ಇನ್ನೂ ಎರಡು ದಿನದ ದಾರಿ. ಈಚೆ ಒಂದು ಸಾಮಾನಿನ ಲಾರಿ ನಿಂತಿತ್ತು, ಖಾಲಿ ಡ್ರಮ್ಮುಗಳನ್ನು ಹೇರಿಕೊಂಡು ಮಧ್ಯಾಹ್ನ ದಕ್ಷಿಣಕ್ಕೆ ಹೊರಡುವುದಿತ್ತು.

ಬಾರ್ಜಿನವಳು ಸೀಟಕ್ಕನನ್ನು ತನ್ನ ಮನೆಯ ಜಗಲಿಯ ಮೇಲೆ ಬೋರಲಾಗಿ ಮಲಗಿಸಿ ಸೊಂಟಕ್ಕೆ ಬಿಸಿನೀರಿನ ಬಟ್ಟೆ ಹಾಕಿದಳು. ಗಂಡ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಅವನ ಮುಖ ಚಿಕ್ಕದಾಗಿತ್ತು.

"ನೀನು ಯಾಕೆ ಮೊದಲೇ ಹೇಳಲಿಲ್ಲ?"

ಅವಳು ಜಾರುತ್ತಿದ್ದ ಬಿಸಿ ಬಟ್ಟೆಯನ್ನು ಸರಿಮಾಡಿಕೊಂಡಳು.

"ಲಾರಿಯವನ ಹತ್ರ ಮಾತಾಡಿದೀನಿ. ಒಳ್ಳೇ ಮನುಷ್ಯ. ಮುಂದೆ ಕೂರಿಸ್ಕೊಂಡು ಬಸ್ಸು ಸಿಗೋ ಊರಿನ ತನಕ ಬಿಡ್ತಾನೆ. ನೀನು ಮನೆಗೆ ಹೋಗಿ ಆರಾಮಾಗಿರು. ನಾನು ಬೇಗ ಹೋಗಿ, ಸರೋವರ ನೋಡಿ, ಬಂದೇಬಿಡ್ತೀನಿ."

ಪ್ರೀತಿಯಿಂದಲೇ ಹೇಳಿದ. ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದ. ಅವನು ಜಗಳವಾಡಿದ್ದರೆ ತಾನೂ ಜಗಳವಾಡಬಹುದಿತ್ತು. ಎರಡು ದಿನದಾಚೆ ಆ ಕಪ್ಪು ಮರಳಿತ್ತು. ಆರಾಮಾಗಿರು ಎಂದು ಅವನು ಕಳಿಸುತ್ತಿದ್ದುದು ಒಲೆಯ ಕಡೆಗೆ ಬಾಗಿಲಿರುವ ಆ ಕೋಣೆಗೆ.

"ಆಗಲಿ," ಎಂದಳು.

ಗಂಡ ಲಾರಿಯವನಿಗೆ ಹೇಳಲು ಹೋದ. ಬಾರ್ಜಿನವಳು ಒಳಗಿಂದ ತನ್ನ ಫೋನು ತಂದುಕೊಟ್ಟಳು. "ದಾರೀಲಿ ಎಲ್ಲೂ ಸಿಗ್ನಲ್ಲು ಸಿಗಲ್ಲ ತಂಗಿ. ಮನೆಗೆ ಮಾತಾಡೋದಿದ್ರೆ ಮಾತಾಡು."

ಫೋನೆತ್ತಿದವರು ಅತ್ತೆ. ಹೇಗಿದ್ದೀಯಾ ಎನ್ನುವ ಮೊದಲೇ, "ಹಿಟ್ಟಿನ ಜರಡಿ ಎಲ್ಲಿಟ್ಟಿದ್ದೀಯಾ? ಇವಳು ಮನೆಯೆಲ್ಲ ಹುಡುಕಿ ಕೊನೆಗೆ ಚಹಾ ಸೋಸೋದ್ರಲ್ಲಿ ಹಿಟ್ಟು ಜರಡಿ ಹಿಡೀತಿದ್ದಾಳೆ," ಎಂದರು.

"ಬಾಗಿಲ ಹಿಂದಿನ ಮೊಳೇಲಿದೆ ಅತ್ತೆ." ಆಮೇಲೆ ಕೇಳಿದಳು. "ಅತ್ತೆ, ಹಿಂದಿನ ಸೀಟಿಗೆ ಚೂರು ಹಾಕೋದು ಅಂತ ಯಾರು ಮಾಡಿದ್ದು?"

"ಇನ್ಯಾರು, ನಿನ್ನ ಮಾವ. ಯಾಕೆ?"

"ಸುಮ್ನೆ."

ಆ ಕಡೆ ಜರಡಿಯ ಸದ್ದು, ನಾದಿನಿಯ ಗೊಣಗಾಟ ಕೇಳಿಸಿತು. ಆಮೇಲೆ ಅತ್ತೆಯ ಧ್ವನಿ ಹತ್ತಿರ ಬಂತು. ಫೋನನ್ನು ಬಾಯಿಗೆ ಒತ್ತಿ ಹಿಡಿದಿರಬೇಕು.

"ನೋಯ್ತಾ ಇದೆಯಾ?"

"ಹೂಂ."

"ನನಗೂ ನೋಯ್ತಿತ್ತು. ತವರಿಗೆ ಹೋಗಬೇಕಾದ್ರೆ ನಿನ್ನ ಮಾವನ ಹಿಂದೆ ಕೂತು ಅರ್ಧ ದಿನದ ದಾರಿ. ಅಲ್ಲಿ ಇಳಿದು ನಮ್ಮಮ್ಮನ ಮುಂದೆ ನೆಟ್ಟಗೆ ನಿಂತ್ಕೊಳೋಕೂ ಆಗ್ತಿರಲಿಲ್ಲ. ಬರಬರ್ತಾ ಹೋಗೋದೇ ಬಿಟ್ಟೆ."

"ಮಾವನಿಗೆ ಹೇಳಲಿಲ್ವಾ?"

"ಹೇಳಿದೆ ಒಂದ್ಸಲ. 'ಹೊಲಿದೋಳು ನೀನೇ ಅಲ್ವೇನೇ' ಅಂತ ನಕ್ಕರು. ಆಮೇಲೆ ನೀನು ಬಂದೆ, ನಿನಗೂ ಅದನ್ನೇ ಕಲಿಸಿದೆ." ಅವರು ಮೂಗು ಎಳೆದರು. "ಈಗ ಏನ್ಮಾಡ್ತೀಯಾ?"

"ಲಾರೀಲಿ ವಾಪಸ್ ಹೋಗು ಅಂದ್ರು ಇವರು. ಇಲ್ಲಿ ಫೋಮು ಎಲ್ಲಿ ಸಿಗುತ್ತೆ ಅತ್ತೆ, ಕಾಡು."

"ಮುಂದಕ್ಕೆ ಎಷ್ಟು ದಪ್ಪದ್ದು ಹಾಕಿದ್ದೀಯಾ?"

"ನಾಲ್ಕು ಬೆರಳು."

"ನಾಲ್ಕು ಬೆರಳು ಮುಂದೆ ಇಟ್ಕೊಂಡು ಫೋಮು ಎಲ್ಲಿ ಅಂತ ಕೇಳ್ತಿದ್ದಾಳೆ!" ಅತ್ತೆ ಮಗಳಿಗೆ ಹೇಳಿದರೋ ಸೊಸೆಗೋ ತಿಳಿಯಲಿಲ್ಲ. "ಅವನ ಸಾಮಾನಲ್ಲಿ ಗರಗಸದ ಬ್ಲೇಡು ಇರುತ್ತಲ್ಲೇ. ನೀರು ಹಚ್ಚಿ ಕೊಯ್ಯಿ, ಇಲ್ದಿದ್ರೆ ಹರಿಯುತ್ತೆ."

ಸೀಟಕ್ಕ ಫೋನನ್ನು ಕೆಳಗಿಟ್ಟು, ಜಗಲಿಯ ಕಂಬ ಹಿಡಿದು ಎದ್ದಳು. ಬೈಕಿನ ಬಳಿ ಹೋಗಿ ಸೀಟಿನ ಬೋಲ್ಟು ಬಿಚ್ಚಿ, ಅದನ್ನು ಎತ್ತಿಕೊಂಡು ಬಂದು ಜಗಲಿಯ ಮೇಲೆ ಬೋರಲು ಹಾಕಿ ಪಿನ್ನುಗಳನ್ನು ಎಬ್ಬಿಸತೊಡಗಿದಳು. ಸೂಜಿ ಡಬ್ಬಿ, ಮೇಣ ಸವರಿದ ದಾರ, ಸೀಮೆಸುಣ್ಣ ಹೇಗೂ ಅವಳ ಚೀಲದಲ್ಲಿದ್ದವು. ಅವಿಲ್ಲದೆ ಅವಳು ಮಾರುಕಟ್ಟೆಗೂ ಹೋದವಳಲ್ಲ.

ಗಂಡ ಓಡಿ ಬಂದ. "ಏನೇ ಇದು? ಲಾರಿಯವನು ಕಾಯ್ತಿದ್ದಾನೆ."

"ನೋಡಿ," ಎಂದು ಹಿಂದಿನ ಅರ್ಧದ ಹೊದಿಕೆ ಸರಿಸಿದಳು. ಎಷ್ಟೋ ಬೈಕುಗಳ ಫೋಮಿನ ಚೂರುಗಳು ಒಂದು ಮೂಲೆಗೆ ಸೇರಿ ಮುದ್ದೆಯಾಗಿದ್ದವು. ನಡುವೆ ರೆಕ್ಸಿನ್ನಿನ ಬಿಲ್ಲೆಗಳು. ಮಿಕ್ಕ ಜಾಗದಲ್ಲಿ ತಗಡು ಮಿರಮಿರ ಹೊಳೆಯುತ್ತಿತ್ತು.

ಗಂಡ ತಗಡನ್ನು ಅಂಗೈಯಿಂದ ಒತ್ತಿದ, ಮುಂದಿನದನ್ನು ಒತ್ತುವಂತೆಯೇ. ಅದು ಒತ್ತಿಸಿಕೊಳ್ಳಲಿಲ್ಲ.

"ಇದರ ಮೇಲೆ ಕೂತು ಬಂದ್ಯಾ?"

"ಸಾಮಾನಿಗೆ ಅಂತ ಮಾಡಿದ್ದಲ್ವಾ."

ಅವನು ಕಿವಿಯ ಹಿಂದೆ ಕೆರೆದುಕೊಂಡ. ಅಷ್ಟರಲ್ಲಿ ಅವಳು ಮುಂದಿನ ಅರ್ಧದಿಂದ ಆ ದಪ್ಪ ಫೋಮನ್ನು ಇಡಿಯಾಗಿ ಎತ್ತಿ, ನಿಲ್ಲಿಸಿ, ಬದಿಯಲ್ಲಿ ಸೀಮೆಸುಣ್ಣದಿಂದ ನಡುಗೆರೆ ಎಳೆದಿದ್ದಳು.

"ಏ ಏ, ಏನ್ಮಾಡ್ತಿದ್ದೀಯಾ? ಅದು ನನ್ದು! ಓಡಿಸೋನು ನಾನು. ನನಗೆ ಸೊಂಟ ಹಿಡಿದ್ರೆ ಇಬ್ಬರೂ ಹೊಳೆಗೆ ಬೀಳ್ತೀವಿ."

"ಹಾಗಿದ್ರೆ ನಿಧಾನ ಓಡಿಸಿ. ಬ್ಲೇಡು ಕೊಡಿ."

"ಎರಡೇ ಬೆರಳಲ್ಲಿ ಏನಾಗುತ್ತೆ? ನನಗೂ ನೋಯುತ್ತೆ, ನಿನಗೂ ನೋಯುತ್ತೆ."

"ಹೂಂ. ಇಬ್ಬರಿಗೂ ನೋಯುತ್ತೆ," ಎಂದಳು ಸೀಟಕ್ಕ. "ಬ್ಲೇಡು."

ಅವನು ಸಹಾಯಕ್ಕೆ ಬಾರ್ಜಿನವಳ ಕಡೆ ತಿರುಗಿದ. ಅವಳು ಹಗ್ಗ ಸುತ್ತುತ್ತಿದ್ದವಳು ಇಬ್ಬರನ್ನೂ ನೋಡಿ, "ಕೊಡಪ್ಪ, ಕೊಡು. ಸಂಜೆ ನಾನು ಬಾರ್ಜು ಬಿಡೋದ್ರೊಳಗೆ ಮುಗೀಬೇಕು," ಎಂದಳು.

ಕೊಟ್ಟ. ಅವಳು ನೀರು ಹಚ್ಚಿ ಕೊಯ್ದಳು. ಹಾಗೆ ಕೊಯ್ಯುವುದು ಸುಲಭವಲ್ಲ, ಬ್ಲೇಡು ಮೇಲೆ ಕೆಳಗೆ ಅಲೆಯುತ್ತದೆ. ಒಂದು ಕಡೆ ಅಲೆಯಿತು ಕೂಡ. ಇನ್ನೊಂದು ತುದಿಯನ್ನು ಗಂಡನೇ ಗಟ್ಟಿಯಾಗಿ ಹಿಡಿದುಕೊಂಡ, ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳುವವನಂತಿತ್ತು. ಎರಡು ಹಾಳೆಗಳಾದವು. ಕೆಳಗಿನದು ಮುಂದಕ್ಕೆ, ಮೇಲಿನದು ಹಿಂದಕ್ಕೆ. ಚೂರುಗಳನ್ನು ಎರಡೂ ಕಡೆಯ ತಗಡಿನ ಮೇಲೆ ಸಮನಾಗಿ ಹರಡಿದಳು, ರೆಕ್ಸಿನ್ನಿನ ಬಿಲ್ಲೆಗಳನ್ನು ಆರಿಸಿ ಎಸೆದಳು. ಲಾರಿಯವನು ಹಾರ್ನು ಹೊಡೆದು ಹೊಡೆದು ಸಾಕಾಗಿ ಹೊರಟುಹೋದ. ಸಂಜೆಯ ಇಳಿಬೆಳಕಿನಲ್ಲಿ, ಬೈಕಿನ ಎರಡೂ ಬದಿಗೆ ಇಬ್ಬರೂ ನಿಂತು, ಬಾರ್ಜಿನ ಮೇಲೆ ನದಿ ದಾಟಿದರು.

ಆಚೆ ದಡದ ರಸ್ತೆ ಇನ್ನೂ ಕೆಟ್ಟದ್ದು. ಸ್ವಲ್ಪ ದೂರ ಗಂಡ ಗಂಡಸುತನ ಬಿಡಲಿಲ್ಲ. ಒಂದು ದಿಬ್ಬ ಹತ್ತಿದ ಮೇಲೆ ಬೈಕು ನಿಂತಿತು.

"ಏನಾಯ್ತು ರೀ?"

"ಏನಿಲ್ಲ. ನೋಟ ಚೆನ್ನಾಗಿದೆ."

ಸುತ್ತ ಸುಟ್ಟ ಮರದ ಬೊಡ್ಡೆಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಎರಡೂ ಕೈಯಿಂದ ಸೊಂಟ ಒತ್ತಿಕೊಂಡು ಆ ಬೊಡ್ಡೆಗಳನ್ನು ಭಕ್ತಿಯಿಂದ ನೋಡಿದ. ಅಲ್ಲಿಂದ ಮುಂದೆ ನೋಟಗಳು ಬೇಗಬೇಗ ಬಂದವು. ಅವಳು ಕೇಳದೆಯೇ ಬೈಕು ನಿಲ್ಲುತ್ತಿತ್ತು. ಇಬ್ಬರೂ ಅಮ್ಮಾ ಅಪ್ಪಾ ಎನ್ನುತ್ತ ಇಳಿದು ಪಾಚಿಯ ಮೇಲೆ ಅಂಗಾತ ಬೀಳುತ್ತಿದ್ದರು. ಹಾಗೆ ಬಿದ್ದಾಗ ಸೀಟಕ್ಕನಿಗೆ ಮೊದಲ ಬಾರಿಗೆ ಆ ಮರಗಳ ತುದಿ ಕಂಡಿತು. ಅಲ್ಲಿಯವರೆಗೆ ಅವಳು ನೋಡಿದ್ದು ಬುಡಗಳನ್ನು, ಸ್ಟೋವಿಡಲು ಜಾಗ ಹುಡುಕುತ್ತ.

ಮರುದಿನ ಅಂಥ ಒಂದು ನಿಲುಗಡೆಯಲ್ಲಿ ಬಹಳ ಹೊತ್ತಾದರೂ ಯಾರೂ ಏಳಲಿಲ್ಲ.

"ಚಹಾ ಕುಡೀಬೇಕು ಅನ್ಸುತ್ತೆ," ಎಂದ ಗಂಡ ಆಕಾಶಕ್ಕೆ.

"ನನಗೂ," ಎಂದಳು ಸೀಟಕ್ಕ ಆಕಾಶಕ್ಕೇ.

ಆಮೇಲೆ ಅವನು ನರಳುತ್ತ ಎದ್ದು ಚೀಲಗಳನ್ನು ಒಂದೊಂದಾಗಿ ತೆರೆದು ಮುಚ್ಚತೊಡಗಿದ. "ಬೆಂಕಿಪೊಟ್ಟಣ ಎಲ್ಲಿಟ್ಟಿದ್ದೀಯಾ?"

ನಾಲಿಗೆಯ ತುದಿಗೆ ಬಂದಿತ್ತು ಉತ್ತರ. ಬಲಗಡೆಯ ಚೀಲ, ಸಕ್ಕರೆ ಡಬ್ಬಿಯ ಒಳಗೆ, ತೇವವಾಗದಿರಲೆಂದು. ಅವಳು ತುಟಿ ಕಚ್ಚಿ ತಡೆದುಕೊಂಡಳು. "ಹುಡುಕಿ. ಸಿಗುತ್ತೆ."

ಸಿಕ್ಕಿತು. ಚಹಾ ಬಂತು, ಮಸಿನೀರಿನಂತಿತ್ತು, ಸಕ್ಕರೆ ತಳದಲ್ಲಿ ಕಲಕದೆ ಕೂತಿತ್ತು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಪೂರ್ತಿ ಕುಡಿದಳು. ಚೆನ್ನಾಗಿದೆ ಎಂದೂ ಹೇಳಲಿಲ್ಲ, ಇನ್ನೊಮ್ಮೆ ನಾನೇ ಮಾಡ್ತೀನಿ ಬಿಡಿ ಎಂದೂ ಹೇಳಲಿಲ್ಲ. ಎರಡನೆಯದನ್ನು ನುಂಗಿಕೊಳ್ಳುವುದು ಚಹಾ ನುಂಗುವುದಕ್ಕಿಂತ ಕಷ್ಟವಾಯಿತು.

ರಸ್ತೆ ನಿಜವಾಗಿಯೂ ಹೋಗಿ ಸುಮ್ಮನೆ ನಿಂತುಬಿಟ್ಟಿತ್ತು. ಒಂದು ತುಕ್ಕು ಹಿಡಿದ ಕಂಬ, ಅದಕ್ಕೆ ಬಂದವರು ಕಟ್ಟಿಹೋದ ಬಣ್ಣದ ಬಟ್ಟೆಚೂರುಗಳು, ಆಮೇಲೆ ನೀರು. ಆಚೆ ದಡವೇ ಕಾಣದಷ್ಟು ನೀರು. ಸೀಟಕ್ಕ ಇಳಿದು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಕಾಲೆಳೆಯುತ್ತ ನಡೆದಳು. ಕಾಲಕೆಳಗೆ ಪೈನ್ ಎಲೆಗಳು ಹಾಸಿಗೆಯಷ್ಟು ದಪ್ಪ ಬಿದ್ದಿದ್ದವು. ತಾನು ಡಬ್ಬಿಯಲ್ಲಿ ಜೋಪಾನ ಮಾಡಿದ ನಾಲ್ಕು ಎಲೆಗಳು ನೆನಪಾಗಿ ಅವಳಿಗೆ ನಗು ತಡೆಯಲಾಗಲಿಲ್ಲ. ಇಲ್ಲಿ ಅದು ಕಸ. ಗುಡಿಸುವವರೂ ಇಲ್ಲದ ಕಸ.

ಅದು ದಾಟಿದರೆ ಮರಳು. ಬೂಟು ಬಿಚ್ಚಿ ನಿಂತಳು. ತಣ್ಣಗಿತ್ತು. ಕಪ್ಪು ದಡ ಉದ್ದಕ್ಕೂ ಮಿನುಗುತ್ತಿತ್ತು, ಮುಷ್ಟಿಯಲ್ಲಿ ಹಿಡಿದರೆ ಮುಷ್ಟಿಯೊಳಗೂ.

"ಬಾರೇ, ಬೈಕಿನ ಜೊತೆ ನನ್ನದೊಂದು ಫೋಟೋ ತೆಗಿ," ಎಂದು ಹಿಂದಿನಿಂದ ಗಂಡ ಕೂಗಿದ.

"ಬರ್ತೀನಿ. ಸ್ವಲ್ಪ ಇರಿ."

ಅವನು ಇದ್ದ. ಸ್ವಲ್ಪ ಹೊತ್ತಾದ ಮೇಲೆ ತಾನೂ ಬೂಟು ಬಿಚ್ಚಿ ಬಂದು ಪಕ್ಕದಲ್ಲಿ ನಿಂತ. ಕೂರೋಣ ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ. ಕೂರುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.

ಊರಿಗೆ ಬಂದ ಮೇಲೆ ಸೀಟಕ್ಕ ಮೂಲೆಯ ಚೂರಿನ ಚೀಲವನ್ನು ದಿಂಬು ತುಂಬುವವರಿಗೆ ಕೊಟ್ಟುಬಿಟ್ಟಳು. ಹಿಂದಿನ ಅರ್ಧಕ್ಕೂ ಹೊಸ ಫೋಮೇ ಎಂದಾಗ ಕೆಲವು ಗಿರಾಕಿಗಳು ಮೂಗು ಮುರಿದರು, ಒಬ್ಬಿಬ್ಬರು ಬೇರೆ ಅಂಗಡಿಗೂ ಹೋದರು. "ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ, ಕೂತು ನೋಡ್ಲಿ, ಆಮೇಲೆ ಹೊಲಿಗೆ ಹಾಕ್ತೀನಿ," ಎನ್ನುತ್ತಾಳೆ ಅವಳು. ಕೆಲವರು ಕರೆದುಕೊಂಡು ಬರುತ್ತಾರೆ. ಆ ಹೆಂಗಸರು ಬರಲು ಗ್ಯಾರೇಜಿನೊಳಗಿಂದ ದಾರಿಯಿಲ್ಲ, ಅಡುಗೆಮನೆಯ ಮೂಲಕವೇ ಬರಬೇಕು. ಬಂದವರು ಒಲೆಯ ಮೇಲಿನ ಹಾಲನ್ನೂ ನೋಡಿಕೊಳ್ಳುತ್ತಾರೆ.

ತಮ್ಮ ಬೈಕಿನ ಸೀಟಿನ ಸರದಿ ಕೊನೆಗೆ ಬಂತು. ಬಿಚ್ಚಿದಾಗ ಸಂದಿಯಿಂದ ಕಪ್ಪು ಮರಳು ಮೇಜಿನ ಮೇಲೆ ಸುರಿಯಿತು. ಈ ಸಲ ಅವಳು ಡಬ್ಬಿಗೆ ಹಾಕಿಕೊಳ್ಳಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟಳು. ಮುಂದೆ ನಾಲ್ಕು ಬೆರಳು, ಹಿಂದೆ ನಾಲ್ಕು ಬೆರಳು. ಅತ್ತೆ ಕುರ್ಚಿಯಿಂದ ಎದ್ದು, ಗೋಡೆ ಹಿಡಿದುಕೊಂಡು ಕೋಣೆಗೆ ಬಂದು, ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ಅಂಗೈಯಿಂದ ಒತ್ತಿದರು, ಹಿಂದಿನ ಅರ್ಧವನ್ನು.

"ಬೈಕಿಗೆ ಹಾಕು ಇದನ್ನ," ಎಂದರು.

ಹಾಕಿದ ಮೇಲೆ, ಹೊಲಿಗೆ ಯಂತ್ರದ ಸ್ಟೂಲು ತರಿಸಿ, ಅದರ ಮೇಲೆ ಹತ್ತಿ, ಮಗನ ಹೆಗಲು ಒಂದು ಕಡೆ ಸೊಸೆಯ ಹೆಗಲು ಒಂದು ಕಡೆ ಹಿಡಿದು, ಹಿಂದಿನ ಸೀಟಿನ ಮೇಲೆ ಕೂತರು. ಒಮ್ಮೆ ಅತ್ತ ಒಮ್ಮೆ ಇತ್ತ ಸರಿದು ನೋಡಿದರು.

"ಸಾಕಾ ಅಮ್ಮ? ಇಳಿಸಲಾ?" ಎಂದ ಮಗ.

"ಯಾಕೆ ಇಳಿಸ್ತೀಯಾ? ನನ್ನ ತವರಿಗೆ ನಡಿ."

"ಅಲ್ಲೀಗ ಯಾರಿದ್ದಾರಮ್ಮ?"

"ಯಾರಾದ್ರೂ ಇರಲೇಬೇಕಾ? ನೀವು ಹೋದ ಕಡೆ ಯಾರಿದ್ರು?" ಎಂದು ಅತ್ತೆ ಸೊಸೆಯತ್ತ ಕೈ ಚಾಚಿದರು. "ನಿನ್ನ ಹೆಲ್ಮೆಟ್ಟು ಕೊಡೇ. ಬರೋದು ಸಂಜೆಯಾಗುತ್ತೆ. ಇವತ್ತು ಅಡುಗೆ ನಿನ್ನ ನಾದಿನಿ ಮಾಡ್ಲಿ. ಅವಳಿಗೆ ಹೇಳು, ಜರಡಿ ಬಾಗಿಲ ಹಿಂದೆ ಇದೆ ಅಂತ."